ಮುಟ್ಟದೆ ಕಾಪಾಡಿದ ಡಿಸ್ಕು

ನನ್ನ ತಂಗಿಗೆ ಇಬ್ಬರು ಮಕ್ಕಳು. ದೊಡ್ಡವಳನ್ನು ಮನೆಯವರೆಲ್ಲ ಗಂಟೆ ಎಂದೇ ಕರೆದದ್ದು. ತೊಟ್ಟಿಲಲ್ಲಿ ಅತ್ತರೆ ಬೀದಿಯ ಆ ಕೊನೆಯವರು ಬಂದು ಮಗುವಿಗೆ ಏನಾಯಿತೆಂದು ಕೇಳಿ ಹೋಗುತ್ತಿದ್ದರು. ಅವಳ ಬೆನ್ನಿಗೆ ಬಿದ್ದ ತಮ್ಮ ಅದಕ್ಕೆ ಪೂರಾ ತದ್ವಿರುದ್ಧ. ಮಾತು ಬರುವ ವಯಸ್ಸು ಕಳೆದರೂ ತುಟಿ ಬಿಚ್ಚಲಿಲ್ಲ. ಅವನಿಗೆ ಮೂಗ ಎಂದು ಹೆಸರಿಟ್ಟವಳು ಅಕ್ಕನೇ. ಆಮೇಲೆ ಮಾತು ಬಂತು, ಹೆಸರು ಮಾತ್ರ ಹೋಗಲಿಲ್ಲ. 'ಲೋ ಮೂಗಾ' ಎಂದು ಅವಳು ಕೂಗಿದರೆ ಅದರಲ್ಲಿ ಒಂದು ಎಳೆತವಿತ್ತು. ಕೊನೆಯ ಅಕ್ಷರ ಮೇಲಕ್ಕೆ ಹತ್ತಿ, ಅಲ್ಲೇ ಸ್ವಲ್ಪ ಹೊತ್ತು ಕೂತು, ಇಳಿಯುತ್ತಿತ್ತು. ಅವನು ಮನೆಯ ಯಾವ ಮೂಲೆಯಲ್ಲಿದ್ದರೂ ಎದ್ದು ಬರುತ್ತಿದ್ದ.

ನಾನು ಬಡಗಿ. ತಂಗಿ, ಅವಳ ಗಂಡ ಇಬ್ಬರೂ ತೀರಿಕೊಂಡ ಮೇಲೆ ಈ ಮಕ್ಕಳ ಜೊತೆಯಲ್ಲೇ ಉಳಿದವನು. ಮೆಷಿನ್ನಿನ ವಿಷಯ ನನಗೆ ಬಂದದ್ದೆಲ್ಲ ಕಿವಿಯಿಂದ. ಆದರೆ ಇದೊಂದನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಗಾದಿಯ ಮೇಲಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಹೇಳಿಯೇನು.

ಗಂಟೆ ಈಜು ಕಲಿಸುತ್ತಿದ್ದಳು. ಛಾವಣಿ ಹೊದಿಸಿದ ಕೊಳ, ಸುತ್ತ ಬಿಳಿ ಟೈಲ್ಸು, ಒಳಗೆ ಕಾಲಿಟ್ಟರೆ ಕಣ್ಣು ಉರಿಸುವ ಕ್ಲೋರಿನ್ನು. ಅಷ್ಟು ಮಕ್ಕಳ ಗಲಾಟೆಯ ಮೇಲೆ ಅವಳ ಧ್ವನಿಯೊಂದೇ ನೆಟ್ಟಗೆ ಹೋಗುತ್ತಿತ್ತು. 'ಮಿಸ್, ನೀರೊಳಗೆ ತಲೆ ಹಾಕಿದ್ರೂ ನೀವು ಬೈಯೋದು ಕೇಳುತ್ತೆ' ಎಂದು ಒಂದು ಹುಡುಗಿ ದೂರು ಹೇಳಿತಂತೆ. ಗಂಟೆ ಅದನ್ನು ಪ್ರಶಸ್ತಿ ಬಂದಷ್ಟು ಹೆಮ್ಮೆಯಿಂದ ಮನೆಯಲ್ಲಿ ಹೇಳಿಕೊಂಡು ತಿರುಗಿದಳು.

ಮೂಗನದು ಧ್ವನಿ ಹಿಡಿಯುವ ಕೆಲಸ. ಮನೆಯ ಹಿಂದಿನ ಕೋಣೆಯನ್ನು ಸ್ಟುಡಿಯೋ ಮಾಡಿಕೊಂಡಿದ್ದ. ಗೋಡೆಗೆ ಎರಡು ಪದರ ಹಲಗೆ ಹೊಡೆದು, ನಡುವೆ ಹತ್ತಿ ತುಂಬಿ, ತಿಜೋರಿಯ ಬಾಗಿಲಿನಂಥ ದಪ್ಪ ಬಾಗಿಲು ಕೂರಿಸಿಕೊಟ್ಟವನು ನಾನು. ಅಂಗಡಿಗಳ ಜಾಹೀರಾತು, ಫೋನು ಮಾಡಿದರೆ 'ದಯವಿಟ್ಟು ಕಾಯಿರಿ' ಎನ್ನುವ ಹೆಂಗಸಿನ ಮಾತು, ಇಂಥವು ಅಲ್ಲಿ ತಯಾರಾಗುತ್ತಿದ್ದವು. ಮೇಜಿನ ಕೆಳಗೆ ಟ್ರಂಕಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಅದರೊಳಗೆ ನಾಲ್ಕು ಡಿಸ್ಕು.

"ರೇಡ್ ಅಂತಾರೆ ಮಾವ ಇದಕ್ಕೆ" ಎಂದು ಒಮ್ಮೆ ನನಗೆ ತೋರಿಸಿದ್ದ. "ನಾಲ್ಕೂ ಸೇರಿ ಒಂದೇ ಹೊರೆ ಹೊರ್ತಾವೆ. ಒಬ್ಬ ಬಿದ್ದುಹೋದ ಅಂದ್ಕೊಳ್ಳಿ, ಉಳಿದ ಮೂವರು ಸೇರಿ ಅವನ ಹತ್ರ ಏನಿತ್ತು ಅಂತ ಲೆಕ್ಕ ಹಾಕಿ ಹೇಳ್ತಾರೆ. ಅವನ ಜಾಗಕ್ಕೆ ಹೊಸಬನ್ನ ನಿಲ್ಲಿಸಿದ್ರೆ ಅವನಿಗೂ ಎಲ್ಲಾ ತುಂಬಿಕೊಡ್ತಾರೆ."

ಗಂಟೆ ಬಾಗಿಲಲ್ಲಿ ನಿಂತು ಒದ್ದೆ ಕೂದಲು ಒರೆಸಿಕೊಳ್ಳುತ್ತಿದ್ದಳು. "ನಾಲ್ಕು ಜನ ಸೇರಿ ಹೊರೋದು ಅಂದ್ರೆ ಅದು ಒಂದೇ ಕಣೋ. ಮಲಗಿಸಿಕೊಂಡು ಹೋಗೋದು" ಎಂದಳು.

"ಥೂ, ಬಾಯಿ ಮುಚ್ಚೇ."

"ನನ್ನ ಬಾಯಿ ಮುಚ್ಚಿಸೋನು ಇನ್ನೂ ಹುಟ್ಟಿಲ್ಲ."

ಅವಳ ಗಂಟಲು ಕಟ್ಟತೊಡಗಿದಾಗ ಎಲ್ಲರೂ ಕೂಗಾಟಕ್ಕೆ, ಕ್ಲೋರಿನ್ನಿಗೆ ತಪ್ಪು ಹೊರಿಸಿದೆವು. ಡಾಕ್ಟರು ಒಳಗೆ ನಳಿಗೆ ಇಳಿಸಿ ನೋಡಿ, ಗಡ್ಡೆಯಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಆಮೇಲೆ ಉಸಿರಾಟ ಕತ್ತಿನಲ್ಲಿ ಮಾಡುವ ತೂತಿನಿಂದ. ಆ ತೂತಿಗೆ ನೀರು ಹೋದರೆ ಪ್ರಾಣಕ್ಕೇ ಸಂಚಕಾರ, ಹಾಗಾಗಿ ಕೊಳಕ್ಕೆ ಇಳಿಯುವಂತಿಲ್ಲ. ಬಾಯಿಗೆ ಗಾಳಿ ಬಾರದ ಮೇಲೆ ಸೀಟಿ ಊದುವಂತೆಯೂ ಇಲ್ಲ. ಗಂಟೆ ಎಲ್ಲವನ್ನೂ ಕೇಳಿಸಿಕೊಂಡಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಮನೆ ಹತ್ತಿರ ಬಂದಾಗ, "ನೀರಿಗೆ ಇಳಿಯದಿದ್ರೆ ಬೇಡ. ದಡದಲ್ಲಿ ನಿಂತು ಕಲಿಸ್ತೀನಿ. ಅದಕ್ಕೆ ಗಂಟಲೊಂದಿದ್ರೆ ಸಾಕಿತ್ತು" ಎಂದಳು.

ಮೂಗ ಎರಡು ದಿನ ಯಾರ ಯಾರಿಗೋ ಫೋನು ಮಾಡಿ ಒಂದು ದಾರಿ ಹುಡುಕಿಕೊಂಡು ಬಂದ. ಈಗಲೇ ಅವಳ ಮಾತನ್ನು ಸಾಕಷ್ಟು ಹಿಡಿದಿಟ್ಟರೆ, ಅದರಿಂದ ಧ್ವನಿ ಕಟ್ಟಿಕೊಡುವವರಿದ್ದಾರೆ. ಆಮೇಲೆ ಅವಳು ಕೈಯಲ್ಲಿ ಹಿಡಿಯುವ, ಸ್ಲೇಟಿನಂಥ ಮೆಷಿನ್ನಿನ ಹಲಗೆಯ ಮೇಲೆ ಏನೇ ಬೆರಳಚ್ಚು ಮಾಡಲಿ, ಅದು ಅವಳದೇ ಧ್ವನಿಯಲ್ಲಿ ಹೊರಗೆ ಬರುತ್ತದೆ. ಡಾಕ್ಟರು ಕೊಟ್ಟ ಔಷಧಿಗೆ ಊತ ಇಳಿದು ಧ್ವನಿ ಮೊದಲಿನಂತೆ ತೆರೆದುಕೊಂಡಿತ್ತು. ಇದು ಬಹಳ ದಿನ ನಿಲ್ಲುವುದಿಲ್ಲ ಎಂದೂ ಅವರು ಹೇಳಿದ್ದರು.

ಮೂಗ ಅಕ್ಕನಿಗೆಂದೇ ಒಂದು ಹೊಸ ಡಿಸ್ಕು ತಂದ. ಪೆಟ್ಟಿಗೆಯಲ್ಲಿದ್ದ ನಾಲ್ಕರ ಜಾತಿಯದೇ, ಅಷ್ಟೇ ಅಳತೆಯದು. "ಸೋಪಿನ ಜಾಹೀರಾತಿನ ಜೊತೆ ನಿನ್ನದು ಬೆರೆಯೋದು ಬೇಡ" ಎಂದು ಅದನ್ನು ಹೊರಗಿನಿಂದಲೇ ತಂತಿಯಲ್ಲಿ ಸಿಕ್ಕಿಸಿ, ಅದರಲ್ಲಿ ಹಿಡಿಯತೊಡಗಿದ.

ಧ್ವನಿ ಕಟ್ಟುವವರು ಓದಲು ವಾಕ್ಯಗಳನ್ನು ಕಳಿಸಿದ್ದರು. ತಲೆಬುಡವಿಲ್ಲದ ವಾಕ್ಯಗಳು. ಕೆಂಪು ಛತ್ರಿ ಬಾಗಿಲ ಹಿಂದೆ ಇದೆ. ಪಕ್ಕದ ಮನೆಯ ಬೆಕ್ಕಿಗೆ ಗಡಿಯಾರ ಬೇಕಾಗಿಲ್ಲ.

"ಯಾವ ಪುಣ್ಯಾತ್ಮನೋ ಇದನ್ನ ಬರೆದಿದ್ದು? ಇವನ ಛತ್ರಿ ಕಳೆದುಹೋದ್ರೆ ನಾನ್ಯಾಕೆ ಕೂಗಬೇಕು?"

"ಎಲ್ಲಾ ಅಕ್ಷರ ಬರ್ಲಿ ಅಂತ ಕಣೇ. ಓದು."

"ಮೊದಲು ನನ್ನವು. ಆಮೇಲೆ ಅವನ ಛತ್ರಿ."

ಅವಳು ಹಟ ಹಿಡಿದು ಕೊಳದ ಮಾತುಗಳನ್ನೇ ಮೊದಲು ಹಿಡಿಸಿದಳು. ಮೊಣಕಾಲು ಮಡಚಬೇಡ. ಉಸಿರು ನೀರೊಳಗೆ ಬಿಡು. ಗೋಡೆ ಮುಟ್ಟಿ ತಿರುಗು. ಭಯ ಬೇಡ, ನಾನಿದೀನಿ. ನಾನು ಗಾಜಿನ ಈಚೆ ಕೂತು ನೋಡುತ್ತಿದ್ದೆ. ಹಲಗೆಯ ಗೋಡೆಯನ್ನೇ ಕೊಳ ಅಂದುಕೊಂಡು, ಕೈ ಚಾಚಿ, ಹಿಮ್ಮಡಿ ಎತ್ತಿ ಕೂಗಿದಳು. ನಾನು ಹತ್ತಿ ತುಂಬಿದ ಗೋಡೆ, ಒಂದು ಸದ್ದೂ ಹೊರಗೆ ಬರಬಾರದು. ಆ ದಿನ ಅವಳ ಸದ್ದು ಬಂತು.

ದಿನ ಕಳೆದಂತೆ ಧ್ವನಿ ಸವೆಯಿತು. ಛತ್ರಿ, ಬೆಕ್ಕುಗಳ ಹೊತ್ತಿಗೆ ಅದು ಹರಿದ ಬಟ್ಟೆಯಾಗಿತ್ತು. ನಡುನಡುವೆ ಕೆಮ್ಮು, 'ಲೋ ಮೂಗಾ, ನೀರು ಕೊಡೋ' ಎನ್ನುವುದು. ಅವನು ಯಂತ್ರ ನಿಲ್ಲಿಸದೆಯೇ ಎದ್ದು ಹೋಗಿ ನೀರು ಕೊಡುತ್ತಿದ್ದ. ಕೊನೆಯ ವಾಕ್ಯ ಮುಗಿದ ಮರುವಾರ ಆಪರೇಷನ್ ಆಯಿತು.

ಆಸ್ಪತ್ರೆಯಿಂದ ಬಂದವಳ ಕತ್ತಿನ ತೂತಿಗೆ ಸಣ್ಣ ಬಟ್ಟೆಯ ತೆರೆ. ಮಾತಿಗೆ ಒಂದು ಹಲಗೆ ಕೊಟ್ಟಿದ್ದರು. ಅದರಲ್ಲಿ ಬೆರಳಚ್ಚು ಮಾಡಿದರೆ ಯಾರೋ ಹೆಂಗಸಿನ ಧ್ವನಿ ಬರುತ್ತಿತ್ತು. ಗಂಟೆ ಮೊದಲ ದಿನವೇ ಅದರ ಸದ್ದು ಆರಿಸಿಬಿಟ್ಟಳು. ಬೆರಳಚ್ಚು ಮಾಡಿ ನಮ್ಮ ಮುಖಕ್ಕೆ ಹಿಡಿಯುತ್ತಿದ್ದಳು. 'ಇವಳು ಫೋನಲ್ಲಿ ಕಾಯಿರಿ ಅನ್ನೋಳ ತಂಗಿ ಇರಬೇಕು. ನನ್ನದು ಬರೋವರೆಗೆ ಓದಿಕೊಳ್ಳಿ.' ನಾನು ಓದುವುದು ತಡ. ಅವಳು ಕಾಯುತ್ತಿದ್ದಳು.

ಈಗ ಹೇಳಬೇಕಾದದ್ದು ಬರುತ್ತದೆ. ಧ್ವನಿ ಕಟ್ಟುವವರಿಗೆ ಕಳಿಸುವ ಮೊದಲು ಅಕ್ಕನದನ್ನು ಆ ನಾಲ್ಕರ ಗುಂಪಿಗೂ ಒಂದು ಪ್ರತಿ ಮಾಡಿಡಬೇಕು ಎಂದು ಮೂಗನಿಗೆ ಅನ್ನಿಸಿತು. ಒಂಟಿ ಡಿಸ್ಕನ್ನು ನಂಬಬಾರದು ಎನ್ನುವುದು ಅವನ ಮಾತು. ತಂತಿಯಲ್ಲಿ ನೇತುಹಾಕಿದ್ದು ಯಾರಾದರೂ ಎಡವಿ ಬಿದ್ದರೆ ಹೋಯಿತು, ಅದಕ್ಕೆ ಪೆಟ್ಟಿಗೆಯ ಒಳಗೇ ಭದ್ರವಾಗಿ ಕೂರಿಸೋಣ ಎಂದು ಪೆಟ್ಟಿಗೆ ತೆರೆದ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ಗೂಡು ಖಾಲಿಯಿತ್ತು. ಅಲ್ಲಿ ಕೂರಿಸಿ ತಿರುಪು ಬಿಗಿದ. ನಾನೇ ಟಾರ್ಚು ಹಿಡಿದಿದ್ದೆ.

ಮೆಷಿನ್ನು ಎದ್ದಾಗ ಗುಂಪಿನಲ್ಲಿ ಮೂವರೇ. ಡಿಸ್ಕುಗಳಿಗೆ ಮೆಷಿನ್ನು ಅಕ್ಷರದ ಹೆಸರಿಡುತ್ತದೆ; ಎ, ಬಿ, ಸಿ ಇದ್ದಾರೆ, ಡಿ ಬಿದ್ದುಹೋಗಿದ್ದಾನೆ ಎಂದು ಪರದೆ ಹೇಳಿತು.

"ತಂತಿ ಅಲುಗಾಡಿರಬೇಕು ಮಾವ" ಎಂದ. ಪೆಟ್ಟಿಗೆಯಲ್ಲಿ ಒಟ್ಟು ಯಾರು ಯಾರಿದ್ದಾರೆ ಎಂದು ಕೇಳಿದ. ಎ, ಬಿ, ಸಿ, ಡಿ, ಇ. ಐವರೂ ಇದ್ದರು. ಅವನ ಮುಖ ತಿಳಿಯಾಯಿತು. "ಹಳಬರು ನಾಲ್ವರು ಡಿವರೆಗೆ. ಕೊನೆಗೆ ಬಂದ ಇ ಅಕ್ಕನದು. ಡಿ ಬರೀ ಗುಂಪಿನಿಂದ ಜಾರಿದಾನೆ, ವಾಪಸ್ ಸೇರಿಸಿದ್ರೆ ಆಯ್ತು."

"ಅಕ್ಕನದನ್ನ ಮೊದಲು ತೆಗೆದು ನೋಡಬಾರದೇನೋ?" ಎಂದೆ. ಅವಳ ಧ್ವನಿ ಕೇಳುವ ಆಸೆಗೆ ಕೇಳಿದ್ದೇ ಹೊರತು ಬೇರೇನೂ ತಿಳಿದಲ್ಲ.

"ಬೇಡ ಮಾವ. ಮನೆ ಸರಿಯಿಲ್ಲದಾಗ ಅದನ್ನ ಮುಟ್ಟೋದು ಬೇಡ. ಮೊದಲು ಗುಂಪು ಗಟ್ಟಿಯಾಗಲಿ."

ಡಿಯನ್ನು ಗುಂಪಿಗೆ ಸೇರಿಸು ಎಂದು ಮೆಷಿನ್ನಿಗೆ ಹೇಳಿದ. ಅದು ಮರುಮಾತಿಲ್ಲದೆ ಸೇರಿಸಿಕೊಂಡು, ಉಳಿದ ಮೂವರ ಲೆಕ್ಕದಿಂದ ಅವನಿಗೆ ತುಂಬತೊಡಗಿತು. ಪರದೆಯ ಮೇಲೆ ಒಂದು ಗೆರೆ ಸಣ್ಣಗೆ ಬೆಳೆಯುತ್ತಿತ್ತು. ಅವನು ಒಂದು ಚೀಟಿಯಲ್ಲಿ 'ಇ ಮುಟ್ಟಬೇಡಿ' ಎಂದು ಬರೆದು ಪರದೆಯ ಅಂಚಿಗೆ ಅಂಟಿಸಿದ. ಆ ಕೋಣೆಯಲ್ಲಿ ಮೆಷಿನ್ನು ಮುಟ್ಟುವವನು ಅವನೊಬ್ಬನೇ. ಯಾರಿಗೆ ಬರೆದನೋ. ತನಗೇ ಇರಬೇಕು.

ಮೂವರೂ ಊಟ ಮಾಡಿದೆವು. ಗಂಟೆ ಬಟ್ಟಲು ತೊಳೆದಿಟ್ಟು ಬಂದು ಅವನ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು. ಹಲಗೆ ತೋರಿಸಿದಳು: 'ಒಂದು ಸಲ ಕೇಳಿಸೋ. ಮೊಣಕಾಲು ಮಡಚಬೇಡ ಅನ್ನೋದು.'

ಗೆರೆ ಅರ್ಧ ದಾಟಿತ್ತು. ಗುಂಪು ಗಟ್ಟಿಯಾಗುತ್ತಿದೆ, ಇನ್ನು ತೆಗೆದರೆ ಅಡ್ಡಿಯಿಲ್ಲ ಎಂದು ಅವನು ಇಯನ್ನು ತೆರೆಯಲು ಹೋದ. ಅದು ತೆರೆಯಲಿಲ್ಲ. ಪರದೆಯ ಮೇಲೆ ಒಂದು ಸಾಲು ಬಂತು. ಅವನು ಅದನ್ನು ಓದಿದ. ಮತ್ತೆ ಓದಿದ. ಇದು ಗುಂಪಿಗೆ ಸೇರಿದ ಡಿಸ್ಕು ಎಂದು ಅದರಲ್ಲಿತ್ತು.

ಮೂಗ ಮೇಜಿನ ಕೆಳಗೆ ನುಗ್ಗಿ ತಂತಿಯನ್ನು ಗೋಡೆಯಿಂದ ಕಿತ್ತ. ಫ್ಯಾನಿನ ಸದ್ದು ನಿಂತಿತು. ನಾನು ಕಟ್ಟಿದ ಕೋಣೆ, ಅಷ್ಟು ನಿಶ್ಶಬ್ದವಾಗಿರುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಅವನು ಕೆಳಗಿನಿಂದ ಮೇಲೇಳಲೇ ಇಲ್ಲ. ಗಂಟೆ ಹಲಗೆಯಲ್ಲಿ 'ಏನಾಯ್ತು' ಎಂದು ಬರೆದು ಮೇಜಿನ ಕೆಳಗೆ ಹಿಡಿದಳು. ಬಹಳ ಹೊತ್ತು ಹಿಡಿದಳು.

ಡಿಸ್ಕು ರಿಪೇರಿಯವಳ ಅಂಗಡಿ ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಕನ್ನಡಕ ನೆತ್ತಿಗೇರಿಸಿಕೊಂಡ ದಪ್ಪನೆಯ ಹೆಂಗಸು. ಪೆಟ್ಟಿಗೆ ಹೊತ್ತುಕೊಂಡು ನಾವಿಬ್ಬರೂ ಮೆಟ್ಟಿಲು ಹತ್ತಿದೆವು. ಗಂಟೆ ಬರಲಿಲ್ಲ.

"ಅದಾಗೇ ಹೋಯ್ತಾ, ಏನಾದ್ರೂ ಮಾಡಿದ್ರಾ?" ಎಂದು ಕೇಳಿದಳು. "ಇಲ್ಲಿಗೆ ಬರೋರದ್ದೆಲ್ಲಾ ಅದಾಗೇ ಹೋಗಿರುತ್ತೆ."

"ನಾನೇ ಮಾಡಿದ್ದು" ಎಂದ ಮೂಗ.

"ಸರಿ. ನನಗೆ ಅರ್ಧ ಕೆಲಸ ಕಡಿಮೆ ಆಯ್ತು."

ಒಂದೊಂದಾಗಿ ಡಿಸ್ಕು ಬಿಚ್ಚಿ, ಬೆನ್ನ ಮೇಲಿನ ಉದ್ದ ನಂಬರನ್ನು ಓದಿಕೊಂಡು, ತನ್ನ ಮೆಷಿನ್ನಿಗೆ ಸಿಕ್ಕಿಸಿ ನೋಡಿದಳು. ನನಗೆ ಅರ್ಥವಾಗಲಿ ಎಂದೋ ಏನೋ, ನನ್ನ ಕಡೆ ತಿರುಗಿಯೇ ಹೇಳಿದಳು.

"ನೋಡಿ ಅಜ್ಜಾ, ಈ ಎ ಬಿ ಸಿ ಡಿ ಇದೆಯಲ್ಲ, ಅದು ಡಿಸ್ಕಿನ ಹೆಸರಲ್ಲ. ಬಸ್ಸಿನ ಸೀಟು. ಮೆಷಿನ್ನು ಎದ್ದಾಗ ಯಾರು ಮೊದಲು ಕಣ್ಣಿಗೆ ಬೀಳ್ತಾರೋ ಅವರು ಎ. ಆಮೇಲಿನವರು ಬಿ. ಇವರು ಹೊಸದನ್ನ ನಾಲ್ಕನೇದಕ್ಕಿಂತ ಮುಂಚಿನ ಗೂಡಿಗೆ ಹಾಕಿದಾರೆ. ಅದು ಹೋಗಿ ಡಿ ಸೀಟಲ್ಲಿ ಕೂತಿದೆ. ಹಳೇ ಡಿ ಹಿಂದೆ ಸರಿದು ಇ ಆಗಿದೆ."

"ಹಾಗಾದರೆ ಗುಂಪು ಆ ಹಳೇದನ್ನ ಗುರುತು ಹಿಡಿಯಲ್ಲವೇನಮ್ಮ? ಅವರದೇ ಮನೆಯವನು" ಎಂದೆ.

"ಹಿಡಿಯುತ್ತೆ. ಒಳಗೆ ಗುಂಪಿನ ಗುರುತು ಹಚ್ಚೆ ಹಾಕಿದ ಹಾಗೆ ಇರುತ್ತೆ. ಎಲ್ಲಿ ಕೂತರೂ ಹುಡುಕಿ ಸೇರಿಸಿಕೊಳ್ಳುತ್ತೆ." ಅವಳು ಪರದೆಯ ಮೇಲೆ ಒಂದು ಸಾಲಿಗೆ ಬೆರಳಿಟ್ಟಳು. "ಆದ್ರೆ ಇಲ್ಲಿ ಯಾರೋ, ಎ ಬಿ ಸಿ ಡಿ ಬಿಟ್ಟು ಬೇರೆ ಕಡೆ ನೋಡಬೇಡ ಅಂತ ಬರೆದಿದಾರೆ."

"ಅದೂ ನಾನೇ" ಎಂದ ಮೂಗ. "ಶುರುವಿನಲ್ಲಿ. ಬೇರೆ ಡಿಸ್ಕಿಗೆ ಕೈ ಹಾಕದಿರಲಿ ಅಂತ."

"ಪಾಪ, ಅದು ಹೇಳಿದ ಮಾತು ಕೇಳಿದೆ. ಇ ಕಡೆ ನೋಡ್ಲೇ ಇಲ್ಲ." ಅವಳು ನಾಲ್ಕನೆಯ ಡಿಸ್ಕನ್ನು ಅಂಗೈಯಲ್ಲಿ ತೂಗಿ ನೋಡಿದಳು. "ಇದೇ ನಿಮ್ಮ ಹಳೇ ಡಿ. ಇದಕ್ಕೆ ಏನೂ ಆಗಿಲ್ಲ. ಗುಂಡುಕಲ್ಲಿನ ಹಾಗಿದೆ."

"ನಾನು ಅದನ್ನ ಮುಟ್ಟಲಿಲ್ಲ" ಎಂದ.

"ಹ್ಞೂಂ. ಚೆನ್ನಾಗಿ ಕಾಪಾಡಿದೀರಿ."

ಅವಳು ಚುಚ್ಚಿ ಹೇಳಿದ್ದಲ್ಲ. ಕೆಲಸದ ನಡುವೆ ಬಂದ ಮಾತು. ಆದರೆ ಮೂಗ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಕೆಳಗೆ ಯಾರೋ ಹೊಸ ಚಪ್ಪಲಿ ಹಾಕಿಕೊಂಡು ಅತ್ತಿಂದಿತ್ತ ನಡೆದು ನೋಡುತ್ತಿದ್ದ ಸದ್ದು. ನನಗೆ ಈಗಲೂ ಅನ್ನಿಸುತ್ತದೆ, ಇದು ಅವಸರಕ್ಕೆ ಕೆಟ್ಟ ಕೆಲಸವಾಗಿದ್ದರೆ ಅವನಿಗೆ ಇಷ್ಟು ನೋಯುತ್ತಿರಲಿಲ್ಲ. ಅವಸರ ಮಾಡಿದೆ ಎಂದು ತನ್ನನ್ನೇ ಬೈದುಕೊಂಡು ಒಂದು ದಿನ ಬಿಡಬಹುದು. ಇದು ಎಚ್ಚರಕ್ಕೆ ಕೆಟ್ಟದ್ದು. ಒಂಟಿ ಬಿಡಬಾರದೆಂದು ಒಳಗೆ ತಂದ, ಬೇರೆಯದನ್ನು ಮುಟ್ಟದಿರಲೆಂದು ಬರೆದಿಟ್ಟ, ಮೊದಲು ಮನೆ ಗಟ್ಟಿಯಾಗಲೆಂದು ಕಾದ. ಹೆಜ್ಜೆಹೆಜ್ಜೆಗೂ ಅಕ್ಕನನ್ನು ಕಾಯುತ್ತಲೇ ಹೋದ. ಇಂಥ ತಪ್ಪಿಗೆ ಯಾವ ಬೈಗುಳವೂ ಹೊಂದುವುದಿಲ್ಲ.

ರಿಪೇರಿಯವಳು ನಾಲ್ವರನ್ನೂ ಅವರವರ ಒಳಗುರುತಿನಿಂದಲೇ ಕರೆಯುವಂತೆ ಬರೆದು, ಗುಂಪನ್ನು ಮತ್ತೆ ಕಟ್ಟಿಕೊಟ್ಟಳು. ಎಲ್ಲ ಇತ್ತು. ಸೋಪಿನ ಜಾಹೀರಾತು, ಮಿಕ್ಸರ್ ಜಾಹೀರಾತು, ಮುಚ್ಚಿಹೋದ ಅಂಗಡಿಗಳ ರಿಯಾಯಿತಿ ಮಾರಾಟ, ದಯವಿಟ್ಟು ಕಾಯಿರಿ, ನಿಮ್ಮ ಕರೆ ನಮಗೆ ಮುಖ್ಯ. ಒಂದು ಕೂದಲೂ ಕೊಂಕಿರಲಿಲ್ಲ.

ಅಕ್ಕನ ಡಿಸ್ಕಿನಲ್ಲಿ ಗೆರೆ ಬೆಳೆದಷ್ಟೂ ದೂರ ಅಳಿದಿತ್ತು. "ಮೇಲೆ ಬರೆದದ್ದನ್ನ ಕೆರೆದು ಕೆಳಗಿನದನ್ನ ತೆಗೆಯೋಕೆ ಆಗಲ್ಲ" ಎಂದಳು ರಿಪೇರಿಯವಳು. "ಮೊದಮೊದಲು ಹಿಡಿದದ್ದೆಲ್ಲ ಹೋಗಿದೆ. ಕೊನೇಕೊನೇದು ಚೂರುಚೂರು ಸಿಗುತ್ತೆ. ಹೆಸರಿಲ್ಲ, ಸಾಲಿಲ್ಲ. ನೀವೇ ಕೇಳಿ ಜೋಡಿಸಿಕೊಳ್ಳಬೇಕು."

ಅವನು ಹಿಂದಿನ ಕೋಣೆಯಲ್ಲಿ ಕೂತು ಕೇಳಿ ಜೋಡಿಸಿದ. ಕೊಳದ ಮಾತು ಒಂದೂ ಇರಲಿಲ್ಲ. ಛತ್ರಿ ಇತ್ತು, ಬೆಕ್ಕು ಇತ್ತು, ಕೆಮ್ಮು ಇತ್ತು. ಫೋನುಗಳಲ್ಲಿ ಅವಳದು ಏನಾದರೂ ಉಳಿದಿದೆಯೇ ಎಂದು ಪರಿಚಯದವರನ್ನೆಲ್ಲ ಕೇಳಿದ. ಸಿಕ್ಕವುಗಳಲ್ಲಿ ಕೊಳದ ಪ್ರತಿಧ್ವನಿ, ಮಕ್ಕಳ ಕಿರುಚಾಟ, ಅದರೊಳಗೆ ಎಲ್ಲೋ ಅವಳು. ಧ್ವನಿ ಕಟ್ಟುವವರು ಅದನ್ನು ಬೇಡವೆಂದರು. ಡಿಸ್ಕಿನಲ್ಲಿ ಉಳಿದದ್ದರಿಂದ ಕಟ್ಟಿ ಕಳಿಸಿದರು.

ಅಂದು ಮೂವರೂ ಅಡುಗೆಮನೆಯ ಮೇಜಿಗೆ ಕೂತೆವು. ಮೂಗ ಹೊಸ ಧ್ವನಿಯನ್ನು ಹಲಗೆಗೆ ತುಂಬಿಸಿ ಅವಳ ಮುಂದಿಟ್ಟ. ಅವಳು ಬೆರಳಚ್ಚು ಮಾಡಿ, ಸದ್ದು ಹಾಕಿದಳು.

"ಮೊಣಕಾಲು ಮಡಚಬೇಡ."

ಅವಳದೇ. ಅದರಲ್ಲಿ ಅನುಮಾನವಿಲ್ಲ. ಆದರೆ ಆಸ್ಪತ್ರೆಗೆ ಹೋಗುವ ಹಿಂದಿನ ವಾರದವಳು. ಉಸಿರಿಗೆ ತಡಕಾಡುವ, ಹರಿದ, ಬೇಡಿಕೊಳ್ಳುವಂಥ ಧ್ವನಿ. ಯಾವ ಮಗುವೂ ಅದನ್ನು ಕೇಳಿ ನೀರಿಗೆ ಇಳಿಯದು. ನನ್ನ ಕೈಯಲ್ಲಿದ್ದ ಲೋಟ ಕೆಳಗಿಡಲು ಜಾಗ ಹುಡುಕುವಂತಾಯಿತು.

ಗಂಟೆ ಸದ್ದು ಆರಿಸಿ ಬರೆದಳು. ಮೊದಲು ನನಗೆ ತೋರಿಸಿ, ಆಮೇಲೆ ಅವನಿಗೆ ತೋರಿಸಿದಳು. 'ಇದು ಕಾಯಿಲೆಯ ಧ್ವನಿ. ಕಾಯಿಲೆಯನ್ನ ಆಸ್ಪತ್ರೆಲೇ ಕೊಟ್ಟು ಬಂದಿದೀನಿ. ಮತ್ತೆ ಬೇಡ.'

"ಅಕ್ಕಾ" ಎಂದ ಅವನು.

ಅವಳು ಕೈ ಚಾಚಿ ಅವನ ತಲೆಯನ್ನು ಹಿಂದಕ್ಕೆ ಒಮ್ಮೆ ತಳ್ಳಿದಳು, ಚಿಕ್ಕಂದಿನಲ್ಲಿ ತಳ್ಳುತ್ತಿದ್ದ ಹಾಗೆ. ಅಷ್ಟೇ. ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅವಳು ಬೈದು ಬಿಟ್ಟಿದ್ದನ್ನೆಲ್ಲ ಅವನು ಚಿಕ್ಕಂದಿನಿಂದ ಮರೆಯುತ್ತ ಬಂದವನು. ಬೈಯದೆ ಬಿಟ್ಟದ್ದನ್ನು ಏನು ಮಾಡಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಆಮೇಲಿಂದ ಅವನು ಮಾತು ಕಡಿಮೆ ಮಾಡಿದ. ಮೊದಲೂ ಹೆಚ್ಚೇನಿರಲಿಲ್ಲ. ಸ್ಟುಡಿಯೋದ ಪೆಟ್ಟಿಗೆಯ ಮೇಲೆ ಆ ಹೊಸ ಡಿಸ್ಕು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಕೂತಿತ್ತು. ಅದನ್ನು ಬಳಸಲೂ ಇಲ್ಲ, ಎಸೆಯಲೂ ಇಲ್ಲ.

ಗಾಯ ಮಾಗಿದ ಮೇಲೆ ಗಂಟೆ ಕೊಳಕ್ಕೆ ಹೊರಟಳು. ಕತ್ತಿಗೆ ತೆರೆ, ಕೈಯಲ್ಲಿ ಹಲಗೆ, ಅದಕ್ಕೆ ಸಿಕ್ಕಿಸಿದ ಒಂದು ಸಣ್ಣ ಸ್ಪೀಕರಿನ ಡಬ್ಬಿ. ಜೊತೆಗೆ ನಾನು. ಮೂಗನಿಗೆ ಬಾ ಎಂದು ಸನ್ನೆ ಮಾಡಿದಳು. ಕೆಲಸವಿದೆ ಎಂದ.

ಕೊಳದ ಅಂಚಿನಲ್ಲಿ ಸಣ್ಣ ಮಕ್ಕಳು ಗೋಡೆ ಹಿಡಿದು ಕಾಲು ಬಡಿಯುತ್ತಿದ್ದವು. ಡಬ್ಬಿಯಿಂದ ಆ ಫೋನಿನವಳ ತಂಗಿಯ ಧ್ವನಿ ಬಂತು. ನಯವಾಗಿ, ಯಾವ ಅವಸರವೂ ಇಲ್ಲದೆ. "ಮೊಣಕಾಲು ಮಡಚಬೇಡ." ಮಕ್ಕಳು ತಲೆ ಎತ್ತಿ ಯಾರು ಎಂದು ನೋಡಿ ಕಿಸಕ್ಕೆಂದವು. ಗಂಟೆಯೂ ನಕ್ಕಳು, ಸದ್ದಿಲ್ಲದೆ, ಭುಜ ಕುಣಿಸಿ. ಮತ್ತೆ ಒತ್ತಿದಳು. "ಉಸಿರು ನೀರೊಳಗೆ ಬಿಡು." ಒಂದು ಹುಡುಗಿ ಬಿಟ್ಟಿತು. ಇನ್ನೊಂದಕ್ಕೆ ಕೇಳಿಸಲಿಲ್ಲ, ಅದರ ತಲೆ ನೀರೊಳಗಿತ್ತು. ಗಂಟೆ ಮಂಡಿಯೂರಿ, ಕತ್ತಿನ ತೆರೆಯನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಟೈಲ್ಸನ್ನು ತಟ್ಟಿದಳು. ಆ ಮಗು ಏಳುವವರೆಗೆ ತಟ್ಟಿದಳು.

ಆಗ ಜಾಲರಿಯ ಬೇಲಿಯ ಆಚೆ ಮೂಗ ನಿಂತದ್ದು ನನಗೆ ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬೆರಳು ಜಾಲರಿಯ ಕಣ್ಣಿನಲ್ಲಿ ಸಿಕ್ಕಿಸಿಕೊಂಡಿದ್ದ. ಗಂಟೆಗೂ ಕಂಡ. ಎದ್ದು ನಿಂತು, ಒದ್ದೆ ಬೆರಳು ಸೆರಗಿಗೆ ಒರೆಸಿಕೊಂಡು, ಹಲಗೆಯ ಮೇಲೆ ಏನೋ ಬೆರಳಚ್ಚು ಮಾಡಿ, ಡಬ್ಬಿಯನ್ನು ಅವನ ಕಡೆಗೆ ಎತ್ತಿ ಹಿಡಿದಳು.

"ಲೋ ಮೂಗಾ. ಒಳಗೆ ಬಾ."

ಪದಗಳು ಅವೇ. ಅವಳ ಬಾಯಲ್ಲದೆ ಬೇರೆ ಯಾರ ಬಾಯಲ್ಲೂ ಆ ಹೆಸರು ಎಂದೂ ಬಂದಿರಲಿಲ್ಲ. ನಾನೂ ಅವನನ್ನು ಎದುರಿಗೆ ಹಾಗೆ ಕರೆದವನಲ್ಲ. ಕೊನೆಯ ಅಕ್ಷರ ಮೇಲಕ್ಕೆ ಹತ್ತಲಿಲ್ಲ, ಕೂರಲಿಲ್ಲ, ಇಳಿಯಲಿಲ್ಲ. ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆಂದು ಹೇಳುವಷ್ಟು ಸಪಾಟಾಗಿ ಮುಗಿಯಿತು.

ಕರೆದ ಮೇಲೆ ಬಾರದೆ ಇದ್ದವನಲ್ಲ ಅವನು. ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒದ್ದೆ ಟೈಲ್ಸಿನ ಮೇಲೆ ಜಾರದಂತೆ ನೋಡಿಕೊಂಡು ಬಂದು ಅವಳ ಮುಂದೆ ನಿಂತ. ನಿಂತವನು ನೋಡಿದ್ದು ಅವಳ ಮುಖವನ್ನಲ್ಲ, ಕೈಯಲ್ಲಿದ್ದ ಡಬ್ಬಿಯನ್ನು.

ಗಂಟೆ ಅದನ್ನು ಕಂಡಳು. ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದಕ್ಕೆ ಸರಿಸಿಕೊಂಡಳು.